ಏಳು ಹಿಡಿ ಪುರಿ

ಅಡುಗೆಮನೆಯ ಅಟ್ಟ ಒರೆಸುವುದು ನಾನು ವರ್ಷಕ್ಕೆ ಎರಡೇ ಸಲ ಮಾಡುವ ಕೆಲಸ. ಯುಗಾದಿಗೆ ಒಮ್ಮೆ, ಗೌರಿ ಹಬ್ಬಕ್ಕೆ ಒಮ್ಮೆ. ಈ ಭಾನುವಾರ ಮೂಗಿಗೆ ಬಟ್ಟೆ ಕಟ್ಟಿ, ಸ್ಟೂಲು ಹತ್ತಿ, ಬಿರುಕು ಬಿಟ್ಟ ಮಿಕ್ಸಿ ಜಾರು, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ ಎಲ್ಲವನ್ನೂ ಒಂದೊಂದಾಗಿ ಕೆಳಗಿಳಿಸುತ್ತಿದ್ದೆ. ಹಳೆಯ ಇಡ್ಲಿ ಪಾತ್ರೆಯ ಒಳಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಪುರಿ, ಅಂದರೆ ಮಂಡಕ್ಕಿ. ಬಾಯಿಗೆ ಹಾಕಿದ್ದ ಗಂಟು ನೋಡಿದ ಕೂಡಲೇ ಅದು ನಮ್ಮವ್ವನದು ಎಂದು ಗೊತ್ತಾಯಿತು. ಮೂರು ಸುತ್ತು ತಿರುಚಿ, ತುದಿಯನ್ನು ಒಳಕ್ಕೆ ಸಿಕ್ಕಿಸುವ ಆ ಗಂಟನ್ನು ಕೈಯಲ್ಲಿ ಬಿಚ್ಚಬಲ್ಲವಳು ಅವಳೊಬ್ಬಳೇ. ನಾವೆಲ್ಲ ಹಲ್ಲು ಹಾಕಬೇಕು.

ಆ ಪುರಿಯನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ಬಚ್ಚಿಟ್ಟು ಎಲ್ಲಿಟ್ಟೆ ಎಂದು ಮರೆತೂ ಬಿಟ್ಟಿದ್ದೆ. ಹೆತ್ತ ತಾಯಿಯ ಕೈಯಿಂದ ಪುರಿ ಕಿತ್ತುಕೊಂಡು ಅಟ್ಟದ ಮೇಲೆ ಬಚ್ಚಿಡುವಂಥವರು ಇರುತ್ತಾರೆಯೇ ಎಂದು ನೀವು ಕೇಳಬಹುದು. ಇರುತ್ತಾರೆ. ಹಾಸನದ ಸಾಲಗಾಮೆ ರಸ್ತೆಯ ಒಂದು ಅಡ್ಡಬೀದಿಯಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಇದ್ದಾರೆ.

ಆ ಮನೆಯ ನಡುಮನೆಯಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ಈಗ ಒಂದು ಗಾಜಿನ ತೊಟ್ಟಿ ಇದೆ. ತೊಟ್ಟಿಯಲ್ಲಿ ಮೀನು. ಅದರ ಮೇಲೆ ಕಬ್ಬಿಣದ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಜಲ್ಲಿಕಲ್ಲು ತುಂಬಿದ ಟ್ರೇ, ಟ್ರೇಯಲ್ಲಿ ಸೊಪ್ಪು. ಮೀನು ಗಲೀಜು ಮಾಡಿದ ನೀರನ್ನು ಒಂದು ಪುಟ್ಟ ಮೋಟಾರು ಮೇಲಕ್ಕೆ ಎತ್ತುತ್ತದೆ. ಆ ಗಲೀಜೇ ಗಿಡಕ್ಕೆ ಗೊಬ್ಬರ. ಬೇರು ಅದನ್ನು ಹೀರಿಕೊಂಡ ಮೇಲೆ ಚೊಕ್ಕಟವಾದ ನೀರು ಮತ್ತೆ ಮೀನಿಗೇ ಇಳಿಯುತ್ತದೆ. ಮಣ್ಣು ಬೇಡ, ದಿನಾ ನೀರು ಹೊಯ್ಯುವುದೂ ಬೇಡ. ಇದಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. ನಮ್ಮ ಮನೆಯವರು ಮಾತ್ರ ಇದನ್ನು 'ನಿನ್ನ ಕೊಳಾಯಿ ಕೆಲಸ' ಎನ್ನುತ್ತಾರೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಮಕ್ಕಳನ್ನು ನುಗ್ಗೇಹಳ್ಳಿಗೆ ಕರೆದುಕೊಂಡು ಹೋಗಿ ದೇವಸ್ಥಾನದ ಗೋಡೆಯ ಮೇಲೆ ಎಷ್ಟು ಆನೆಗಳಿವೆ ಎಂದು ಎಣಿಸಲು ಹಚ್ಚುವುದೇ ನಾನು ಈವರೆಗೆ ಮಾಡಿದ ದೊಡ್ಡ ಪ್ರಯೋಗ. ಆದರೆ ಇಣುಕಿ ನೋಡುವ ಚಟ ಮೊದಲಿನಿಂದಲೂ ಇದೆ. ನಮ್ಮೂರು ಅರಕಲಗೂಡು ತಾಲ್ಲೂಕು, ರಾಮನಾಥಪುರದಿಂದ ಎರಡು ಮೈಲಿ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಯಲ್ಲಿ ಅಂಗೈ ಅಗಲದ ಒಂದು ಗಾಜಿನ ಕಿಂಡಿ ಇತ್ತು, ಒಳಗಿನ ಶಾಖ ಎಷ್ಟಿದೆ ಎಂದು ನೋಡಲಿಕ್ಕೆ. ಅಪ್ಪ ಶಾಖ ನೋಡುತ್ತಿದ್ದರೆ ನಾನು ಎಲೆ ನೋಡುತ್ತಿದ್ದೆ. ಹಸಿರು ಎಲೆ ಯಾವ ಗಳಿಗೆಯಲ್ಲಿ ಹಳದಿಯಾಗುತ್ತದೆ ಎಂದು ಕಣ್ಣಾರೆ ಹಿಡಿಯಬೇಕು ಎಂದು ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಹಿಡಿಯಲು ಒಮ್ಮೆಯೂ ಆಗಲಿಲ್ಲ. ಗಾಜಿಗೆ ಒತ್ತಿ ಒತ್ತಿ ಮೂಗಿನ ತುದಿ ಸುಟ್ಟುಕೊಂಡದ್ದು ಮಾತ್ರ ಲಾಭ.

ಹೋದ ಬೇಸಿಗೆ ರಜೆಯಲ್ಲಿ ಮೊಬೈಲಿನಲ್ಲಿ ಯಾರೋ ತಮ್ಮ ಫ್ಲ್ಯಾಟಿನೊಳಗೆ ಮೀನನ್ನೂ ಸೊಪ್ಪನ್ನೂ ಒಟ್ಟಿಗೆ ಬೆಳೆಯುವ ವಿಡಿಯೋ ನೋಡಿದೆ. ಮೀನಿನ ಗಲೀಜು ಸೊಪ್ಪಾಗುವುದು ಯಾವ ಗಳಿಗೆಯಲ್ಲಿ? ಮತ್ತೆ ಅದೇ ಕಿಂಡಿ, ಅದೇ ಮೂಗು. ಅಂಥ ಹದಿನಾರು ವಿಡಿಯೋ ನೋಡಿದೆ. ಒಂದು ನೋಟ್ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ತಲೆಬರಹ, ನೀಲಿ ಇಂಕಿನಲ್ಲಿ ವಿವರ ಬರೆದುಕೊಂಡೆ. ಟೀಚರುಗಳ ಹಣೆಬರಹ ಅದು, ಬರೆದುಕೊಂಡರೆ ಕಲಿತಂತೆ ಎಂದು ನಂಬಿಬಿಡುತ್ತೇವೆ.

ತೊಟ್ಟಿ ಸಿಕ್ಕಿದ್ದು ಚನ್ನರಾಯಪಟ್ಟಣದಲ್ಲಿ, ಮುಚ್ಚಿಹೋದ ಒಂದು ಹೋಟೆಲಿನ ಗಲ್ಲಾದ ಪಕ್ಕ. ಅದನ್ನು ಲಗೇಜ್ ಆಟೊದಲ್ಲಿ ಹಾಸನಕ್ಕೆ ತಂದೆವು. ಗಾಜು ಅಲುಗಬಾರದು ಎಂದು ನಾನು ಹಿಂದುಗಡೆ ಅದನ್ನು ಅಪ್ಪಿಕೊಂಡು ಕೂತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಸ್ಕೂಟರಿನಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳು ಅವರಪ್ಪನ ಹಿಂದೆ ಕೂತಿದ್ದಳು. 'ನಮಸ್ತೆ ಮಿಸ್' ಎಂದಳು. ಎರಡು ಕೈಯಲ್ಲೂ ತೊಟ್ಟಿ ಹಿಡಿದಿದ್ದ ನಾನು ಗದ್ದದಲ್ಲೇ ನಮಸ್ತೆ ಹೇಳಿದೆ. ಟ್ರೇ ಕೊಟ್ಟವನು ನನ್ನ ತಮ್ಮ ಶಿವಣ್ಣ. ಹೊಗೆಸೊಪ್ಪಿನ ಸಸಿ ಬೆಳೆಸುವ ಟ್ರೇಗಳನ್ನು ಕೂರಿಸುತ್ತಿದ್ದ ದೊಡ್ಡ ಪ್ಲಾಸ್ಟಿಕ್ ತಟ್ಟೆ ಅದು. ಪೈಪು ಜೋಡಿಸಲು ಹೊಳೆನರಸೀಪುರದ ಪ್ಲಂಬರ್ ರಂಗಸ್ವಾಮಿಯನ್ನು ಕರೆಸಿದೆ. ಅಲ್ಲಿ ನಾನು ಎಂಟು ವರ್ಷ ಪಾಠ ಮಾಡಿದ್ದರಿಂದ ಬಂದ ಸಲುಗೆ. ಟ್ರೇ ತುಂಬುವ ತನಕ ನೀರು ನಿಲ್ಲಬೇಕು, ತುಂಬಿದ ಮೇಲೆ ಒಂದೇ ಸಲಕ್ಕೆ ಖಾಲಿಯಾಗಬೇಕು, ಮತ್ತೆ ತುಂಬಬೇಕು ಎಂದು ಅವನಿಗೆ ವಿವರಿಸಿದೆ. ಅವನು ಪುಸ್ತಕದಲ್ಲಿದ್ದ ನನ್ನ ಚಿತ್ರವನ್ನು ಉಲ್ಟಾ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

"ಮೇಡಮ್ಮೋರೆ, ಮೂವತ್ತು ವರ್ಸದಿಂದ ನೀರು ಸೋರ್ಬಾರ್ದು ಅಂತ ಕೆಲ್ಸ ಮಾಡ್ಕಂಡ್ ಬಂದಿವ್ನಿ. ನೀವು ನೋಡುದ್ರೆ ಸೋರಂಗೆ ಮಾಡು ಅಂತೀರಲ್ಲ" ಎಂದ.

ಆದರೂ ಮಾಡಿಕೊಟ್ಟ. ಮೂರನೆಯ ಸಲಕ್ಕೆ ಟ್ರೇ ಗಟಗಟನೆ ನೀರು ಕುಡಿದು ಕೆಳಕ್ಕೆ ಬಿಟ್ಟಾಗ ಅವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಫಿ ಕುಡಿದ ಮೇಲೂ ಅವನು ಹೊರಡಲಿಲ್ಲ. ಇನ್ನೊಂದು ಸಲ ನೋಡಿ ಹೋಗ್ತೀನಿ, ಇನ್ನೊಂದು ಸಲ ನೋಡಿ ಹೋಗ್ತೀನಿ ಎಂದು ನಾಲ್ಕು ಸಲ ನೋಡಿದ.

ಇನ್ನು ಮೀನು ಬಿಡುವುದೊಂದೇ ಬಾಕಿ. ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನನ್ನ ನೋಟ್ ಪುಸ್ತಕದ ನಾಲ್ಕನೆಯ ಪುಟದಲ್ಲಿ, ಕೆಂಪು ಇಂಕಿನಲ್ಲಿ, ಎರಡು ಗೆರೆ ಎಳೆದು ಹೀಗೆ ಬರೆದಿದೆ: 'ಮೀನು ಬಿಡುವ ಮುಂಚೆ ಒಂದು ತಿಂಗಳು ಬರೀ ನೀರು ಓಡಿಸಬೇಕು.' ಹದಿನಾರು ವಿಡಿಯೋಗಳಲ್ಲಿ ಹದಿನಾಲ್ಕು ಇದನ್ನೇ ಹೇಳಿದ್ದವು. ನಾನು ಮೀನು ಬಿಟ್ಟದ್ದು ಮೂರನೆಯ ದಿನ.

ಅದಕ್ಕೆ ಕಾರಣ ಅವ್ವ. ಅವಳ ಬಲಗಣ್ಣಿನ ಪೊರೆ ತೆಗೆಸಲು ಹಾಸನದ ಆಸ್ಪತ್ರೆಯೊಂದರಲ್ಲಿ ದಿನ ಕೊಟ್ಟಿದ್ದರು. ಆಪರೇಷನ್ ಆದ ಮೇಲೆ ಒಂದೂವರೆ ತಿಂಗಳು ನಮ್ಮಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಒಲೆ ಮುಂದೆ ನಿಲ್ಲಬಾರದು, ಕಣ್ಣಿಗೆ ಕೈ ತಗಲಿಸಬಾರದು. ಊರಿನಲ್ಲಿ ಹೊತ್ತು ಹುಟ್ಟುವ ಮೊದಲೇ ಎದ್ದು ಮೂರು ಜನರ ಕೆಲಸ ಮಾಡುವ ಹೆಂಗಸು ಇಲ್ಲಿ ಕುರ್ಚಿಯಲ್ಲಿ ಕೂತು ಏನು ನೋಡಬೇಕು? ಟಿ.ವಿ.ಯನ್ನು ನಾನೇ ಮೂಲೆಗೆ ತಳ್ಳಿದ್ದೆ. ಪಟ್ಟಿ ಬಿಚ್ಚಿದ ಕಣ್ಣಿಗೆ ಮೊದಲು ಮೀನು ಕಾಣಲಿ ಎಂದು ಆಸೆಯಾಯಿತು. ಮಗಳು ಏನೋ ಮಾಡಿದ್ದಾಳೆ ಎಂದು ಅವಳು ಬಾಯಿ ತೆರೆಯಲಿ ಎನ್ನುವ ಜಂಬವೂ ಇತ್ತು. ಹನ್ನೆರಡು ಜಿಲೇಬಿ ಮೀನಿನ ಮರಿ ತಂದು ಬಿಟ್ಟುಬಿಟ್ಟೆ.

ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಬಂದು ತೊಟ್ಟಿಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದಳು.

"ಅಯ್ಯೋ, ಇದ್ರ ಮೈಮ್ಯಾಲೆ ಗೆರೆ ಗೆರೆ ಅವೆ ಕಣವ್ವಾ" ಎಂದಳು. "ಕಣ್ಣು ಎಂಗೆ ತಿರುಗುಸ್ತದೆ ನೋಡು. ಎಷ್ಟು ವರ್ಸ ಆಗಿತ್ತು ನಾನು ಇಂಗೆ ಕಂಡು."

ನನಗೆ ಅಷ್ಟೇ ಬೇಕಾಗಿತ್ತು. ಅವತ್ತು ನಮ್ಮ ಮನೆಯಲ್ಲಿ ನನಗಿಂತ ಖುಷಿಯಾಗಿದ್ದವರು ಇರಲಿಲ್ಲ. ನಮ್ಮ ಮನೆಯವರೂ ತೊಟ್ಟಿಯ ಪಕ್ಕ ನಿಂತು, "ಅತ್ತೆ, ಇನ್ನು ಆರು ತಿಂಗಳಿಗೆ ಒಂದೊಂದೂ ಅಂಗೈ ಅಗಲ ಆಗ್ತವಂತೆ. ಸಾರು ಮಾಡಬಹುದು" ಎಂದರು. ಅವ್ವ ಅಳಿಯನ ಮುಖ ನೋಡಿ, ಮೀನಿನ ಮುಖ ನೋಡಿ, ಕನ್ನಡಕ ಹಾಕಿಕೊಂಡಳು.

ರಾಮನಾಥಪುರದ ಕಡೆಯವರಿಗೆ ಮೀನಿನ ವಿಷಯದಲ್ಲಿ ಎರಡು ಲೆಕ್ಕ. ಕೆರೆಯ ಮೀನು ತಿನ್ನುವ ಮೀನು. ದೇವಸ್ಥಾನದ ಕೆಳಗೆ ಕಾವೇರಿಯ ಮಡುವಿನಲ್ಲಿರುವುದು ದೇವರ ಮೀನು. ಅದನ್ನು ಯಾರೂ ಹಿಡಿಯುವುದಿಲ್ಲ. ಮೆಟ್ಟಿಲಿಳಿದು ಒಂದು ಹಿಡಿ ಪುರಿ ಎರಚಿದರೆ ಸಾಕು, ನೀರಿನ ತುಂಬ ಬಾಯಿಗಳು ಏಳುತ್ತವೆ. ನನಗೆ ಎಂಟು ವರ್ಷವಾಗಿದ್ದಾಗ ಬಲಗೈ ಬೆರಳಿನ ಗೆಣ್ಣಿನ ಮೇಲೆ ಒಂದು ನರಹುಲಿ ಎದ್ದಿತ್ತು. ಅದು ಹೋದರೆ ಮೀನಿಗೆ ಒಂದು ಸೇರು ಪುರಿ ಹಾಕಿಸುತ್ತೇನೆ ಎಂದು ಅವ್ವ ಹರಸಿಕೊಂಡಳು. ನರಹುಲಿ ಸಣ್ಣದಾಗುತ್ತಾ ಬಂತು. ಒಂದು ಸೋಮವಾರ ಇಬ್ಬರೂ ನಡೆದು ಹೊರಟೆವು. ಅವ್ವ ಮುಂದೆ, ಪುರಿಯ ಪೊಟ್ಟಣ ಹಿಡಿದುಕೊಂಡು ನಾನು ಹಿಂದೆ.

ಎರಡು ಮೈಲಿ ದಾರಿ, ಕೈಯಲ್ಲಿ ಪುರಿ, ವಯಸ್ಸು ಎಂಟು. ನೀವೇ ಹೇಳಿ. ಪೊಟ್ಟಣದ ಮೂಲೆಯಲ್ಲಿ ಬೆರಳು ತೂರುವಷ್ಟು ತೂತು ಮಾಡಿದೆ. ಹೊಳೆ ಮುಟ್ಟುವಷ್ಟರಲ್ಲಿ ಅರ್ಧ ಪೊಟ್ಟಣ ಖಾಲಿ. ಅವ್ವ ಕೈ ಚಾಚಿದಾಗ, "ದಾರೀಲಿ ಚೆಲ್ಲೋಯ್ತು" ಎಂದೆ. ಅವಳು ತೂತು ನೋಡಿದಳು, ನನ್ನ ಬಾಯಿ ನೋಡಿದಳು, ಉಳಿದದ್ದನ್ನು ನೀರಿಗೆ ಹಾಕಿ ಕೈಮುಗಿದಳು. ನಂಬಿದಳು ಎಂದುಕೊಂಡೆ. ನರಹುಲಿ ಆಮೇಲೆ ಪೂರ್ತಿ ಹೋಗಲಿಲ್ಲ. ಸಾಸಿವೆ ಕಾಳಿನಷ್ಟು ಇವತ್ತಿಗೂ ಇದೆ. ಮೀನುಗಳು ತಮಗೆ ಸಿಕ್ಕ ಪುರಿಗೆ ಸರಿಯಾಗಿ ಕೆಲಸ ಮಾಡಿದವು ಎಂದು ನನ್ನ ಅನುಮಾನ.

ಮೀನು ಬಿಟ್ಟು ಎಂಟು ದಿನಕ್ಕೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಮರಿಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮೋಟಾರಿಗೆ ಏನೋ ಕಟ್ಟಿಕೊಂಡಿದೆ ಎಂದು ಅದರ ಜಾಲರಿ ಬಿಚ್ಚಿದೆ. ಒಳಗೆ ಊದಿಕೊಂಡ ಪುರಿ ಅಂಟಿತ್ತು. ತಿರುಗಿ ನೋಡಿದರೆ ಅವ್ವ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ನಿಂತಿದ್ದಾಳೆ.

ನಾನು ಶಾಲೆಗೆ ಹೋದ ಮೇಲೆ ದಿನಾ ಮಧ್ಯಾಹ್ನ ಒಂದು ಹಿಡಿ ಹಾಕುತ್ತಿದ್ದಳಂತೆ. ಆಸ್ಪತ್ರೆಗೆ ಬರುವಾಗ ಊರಿಂದ ತಂದ ಪುರಿ. ಕಣ್ಣು ಚೆನ್ನಾಗಿ ಬಂದದ್ದಕ್ಕೆ ದೇವರಿಗೆ ಒಪ್ಪಿಸಬೇಕು, ಹೊಳೆ ದೂರ, ಮನೆಯಲ್ಲೇ ಮೀನಿದೆಯಲ್ಲ ಎಂದು ಹಾಕಿದ್ದಾಳೆ. ಅಳಿಯನ ಸಾರಿನ ಮಾತು ಕೇಳಿದ ಮೇಲೆ ಇನ್ನೂ ಗಟ್ಟಿ ಮನಸ್ಸು ಮಾಡಿದ್ದಾಳೆ. ಒಂದು ಸಲ ಪುರಿ ತಿಂದ ಮೀನು ದೇವರ ಮೀನಾಯಿತು. ಇನ್ನು ಅದಕ್ಕೆ ಖಾರ ಅರೆಯುವ ಹಾಗಿಲ್ಲ.

"ಅವ್ವ, ಇದು ಹೊಳೆಯಲ್ಲ. ಹರಿದು ಎಲ್ಲಿಗೆ ಹೋಗ್ತದೆ ಇದು? ಕೊಡಿಲ್ಲಿ" ಎಂದು ಜೋರಾಗಿ ಹೇಳಿ ಚೀಲ ಕಿತ್ತುಕೊಂಡೆ. ಗಂಟು ಹಾಕಿದ್ದ ಹಾಗೇ ಅಟ್ಟದ ಮೇಲೆ ಕೈಗೆ ಸಿಕ್ಕಿದ ಪಾತ್ರೆಯೊಳಗೆ ತುರುಕಿದೆ.

ಮಾರನೆಯ ದಿನ ಎರಡು ಮರಿ ಮಗುಚಿಕೊಂಡವು. ಅದರ ಮಾರನೆಯ ದಿನ ಐದು. ಸತ್ತ ಏಳನ್ನೂ ಮುತ್ತುಗದ ಎಲೆಯ ಮೇಲೆ ಸಾಲಾಗಿ ಇಟ್ಟುಕೊಂಡು ಅವ್ವ ಕೂತಳು. "ನನ್ ಕೈ ಪುರಿ ತಿಂದು ಸತ್ವು" ಎಂದಳು. ಅಷ್ಟೇ. ಅವತ್ತಿನಿಂದ ಒಪ್ಪತ್ತು ಊಟ. ನಾನು ಶಾಲೆಯಿಂದ ಊಟಕ್ಕೆ ಬಂದು ಮಧ್ಯಾಹ್ನದ ತಟ್ಟೆ ಮುಂದಿಟ್ಟರೆ ಸರಿಸುತ್ತಿದ್ದಳು. ತೊಟ್ಟಿಯ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ನಾನಿಲ್ಲದಾಗ ಅಳುತ್ತಿದ್ದಳು ಎಂದು ಗೊತ್ತಾದದ್ದು ಕಣ್ಣಿನಿಂದ. ಸೆರಗಿನಲ್ಲಿ ಒರೆಸಿ ಒರೆಸಿ ಆಪರೇಷನ್ ಆದ ಕಣ್ಣು ಕೆಂಪಾಗಿತ್ತು. ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಅವಳನ್ನು ಬಿಟ್ಟು ನನಗೆ ಬೈದರು. ಹೀಗೇ ಉಜ್ಜುತ್ತಿದ್ದರೆ ನಂಜಾಗುತ್ತದೆ, ಬಂದ ನೋಟ ಮತ್ತೆ ಹೋಗುತ್ತದೆ ಎಂದರು.

ಅದೇ ವಾರ ಒಂದು ಸೀಸೆಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ನಮ್ಮ ಶಾಲೆಯ ವಿಜ್ಞಾನದ ನಾಗರತ್ನ ಮೇಡಂ ಹತ್ತಿರ ಹೋದೆ. ಅವರು ಏನೋ ಎರಡು ಹನಿ ಹಾಕಿ ಅಲ್ಲಾಡಿಸಿದರು. ನೀರು ಕಡು ಹಸಿರಾಯಿತು.

"ಅಮೋನಿಯ ಇದು. ಮೀನಿಗೆ ಅದರ ಮೂತ್ರವೇ ವಿಷ ಆಗಿದೆ" ಎಂದರು.

"ಪುರಿ ಹಾಕಿದ್ದರು ಮೇಡಂ" ಎಂದೆ ನಾನು, ಚಾಡಿ ಹೇಳುವ ಮಕ್ಕಳ ದನಿಯಲ್ಲಿ.

"ಪುರಿಯಿಂದ ಸ್ವಲ್ಪ ಜಾಸ್ತಿ ಆಗಿರಬಹುದು. ಪುರಿ ಹಾಕದಿದ್ದರೂ ಸಾಯ್ತಿದ್ದವು. ಎಷ್ಟು ದಿನ ಖಾಲಿ ಓಡಿಸಿದ್ರಿ?"

ನಾನು ಗಂಟೆ ಹೊಡೆಯಿತು ಎಂದು ಎದ್ದು ಬಂದೆ. ಗಂಟೆ ಹೊಡೆದಿರಲಿಲ್ಲ.

ಮನೆಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಎಂದು ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಇಪ್ಪತ್ತೈದು ವರ್ಷ ಮಕ್ಕಳ ಮುಂದೆ ತಪ್ಪೇ ಮಾಡದವಳ ಹಾಗೆ ನಿಂತು ಅಭ್ಯಾಸ. ಅದೂ ಅಲ್ಲದೆ ಅವ್ವ ಆಗಲೇ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡಿದ್ದಳು, ಇಳಿಸಿದರೆ ನಾನು ಹೊರಬೇಕು. ಎರಡು ದಿನ ಹಾಗೇ ಕಳೆದೆ. ಮಧ್ಯಾಹ್ನದ ತಟ್ಟೆ ಸರಿಸಿದಾಗಲೆಲ್ಲ ನನ್ನ ಬೆರಳು ತಾನಾಗಿ ಆ ಸಾಸಿವೆಯಷ್ಟು ನರಹುಲಿಯನ್ನು ಸವರುತ್ತಿತ್ತು.

ಕಣ್ಣಿಗೆ ಔಷಧಿ ಹಾಕುವ ಕೆಲಸ ನನ್ನದು. ತಲೆ ಹಿಂದಕ್ಕೆ ಒರಗಿಸಿ, ಕೆಳರೆಪ್ಪೆ ಎಳೆದು, ಒಂದು ಹನಿ. ಆಮೇಲೆ ಐದು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕು. ಮೂರನೆಯ ದಿನ ಬೆಳಿಗ್ಗೆ ಹನಿ ಹಾಕಿದ ಮೇಲೆ ಆ ಐದು ನಿಮಿಷದಲ್ಲಿ ಹೇಳಿಬಿಟ್ಟೆ. ಅವಳ ಕಣ್ಣು ತೆರೆದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

"ಅವ್ವಾ, ಮೀನು ಸತ್ತಿದ್ದು ನಿನ್ ಪುರಿಯಿಂದ ಅಲ್ಲ. ನನ್ನಿಂದ."

"ಸುಮ್ಕಿರು. ನನ್ ಸಮಾಧಾನಕ್ಕೆ ಏನೇನೋ ಯೋಳ್ಬ್ಯಾಡ."

"ಸಮಾಧಾನಕ್ಕಲ್ಲ. ಮೀನು ಬಿಡಕ್ಕೆ ಮುಂಚೆ ಒಂದು ತಿಂಗಳು ಬರೀ ನೀರು ಓಡಿಸ್ಬೇಕಿತ್ತು. ನಾನು ಮೂರೇ ದಿನಕ್ಕೆ ಬಿಟ್ಟೆ."

"ನಿಂಗೆ ಗೊತ್ತಿರ್ನಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಬಾಯಿಯ ತುದಿಗೆ ಬಂದೂ ಇತ್ತು.

"ಗೊತ್ತಿತ್ತು. ಪುಸ್ತಕದಲ್ಲಿ ಬರ್ಕೊಂಡೂ ಇದ್ದೆ."

"ಮತ್ಯಾಕ್ ಬಿಟ್ಟೆ?"

"ನಿಂಗೆ ತೋರ್ಸಕ್ಕೆ."

ಟ್ರೇ ತುಂಬಿ ಗಟಗಟನೆ ಖಾಲಿಯಾಯಿತು. ಮತ್ತೆ ತುಂಬತೊಡಗಿತು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿಯಿತು. ಅವಳ ಕೈ ಸೆರಗಿಗೆ ಹೋಗುವ ಮೊದಲೇ ನಾನು ಹತ್ತಿಯಲ್ಲಿ ಒತ್ತಿದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಎದೆ ಮಾತ್ರ ಎಷ್ಟೋ ಹಗುರವಾಗಿತ್ತು.

"ಐದು ದಿನ ಒಪ್ಪತ್ತು ಉಂಡೆ ನಾನು" ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ. "ಅದ ನೋಡ್ಕಂಡು ನೀನು ಎಲ್ಡೊತ್ತೂ ಉಂಡೆ."

ಅವಳು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಐದು ನಿಮಿಷವಾದ ಮೇಲೆ ಕಣ್ಣು ತೆರೆದು, ಎಷ್ಟೋ ದಿನದ ಮೇಲೆ ಕುರ್ಚಿಯನ್ನು ತೊಟ್ಟಿಯ ಕಡೆ ತಿರುಗಿಸಿಕೊಂಡಳು. ಉಳಿದ ಐದು ಮರಿ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ಆ ಒಂದು ತಿಂಗ್ಳು ಬರೀ ನೀರಾಗೆ ಏನಾಯ್ತಿತ್ತು?" ಎಂದು ಕೇಳಿದಳು.

ಇಣುಕುವ ಚಟ ನನಗೆ ಯಾರಿಂದ ಬಂತು ಎಂದು ಅವತ್ತು ತಿಳಿಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವೆ, ಕಲ್ಲಿನ ಮೇಲೆ ಮನೆ ಮಾಡಿಕೊಂಡು ಮೀನಿನ ಗಲೀಜನ್ನು ಗಿಡ ಹೀರುವಂಥ ಗೊಬ್ಬರವಾಗಿ ಮಾಡುತ್ತವೆ, ಅವು ಹುಟ್ಟಿ ಹೆಚ್ಚಲು ತಿಂಗಳು ಬೇಕು, ಹೆಚ್ಚುವ ಮೊದಲೇ ಮೀನು ಬಂದರೆ ಗಲೀಜು ಹಾಗೇ ನಿಂತು ವಿಷವಾಗುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅವ್ವ ನನ್ನನ್ನೇ ನೋಡಿದಳು.

"ಅಂದ್ರೆ ಎಪ್ಪಾಕ್ದೇ ಆಲು ಮಡಗಿ, ಮೊಸ್ರಾಗ್ಲಿ ಅಂತ ಕಾಯ್ತಾ ಕುಂತಿದ್ದೀಯ."

"ಹೆಪ್ಪು ಎಲ್ಲಿಂದ ತರ್ಲಿ ಅವ್ವ?"

"ಒಳೇಲಿ ಮೀನಿಲ್ವಾ? ಅವು ಗಲೀಜು ಮಾಡಲ್ವಾ? ಅಲ್ಲೀ ಕಲ್ಲು ಏನ್ ಸುಮ್ಕೆ ಲೋಳೆ ಲೋಳೆ ಇರ್ತವಾ?"

ಹದಿನಾರು ವಿಡಿಯೋ ನೋಡಿದವಳಿಗೆ ಹೊಳೆಯದ ಮಾತು ಇದು. ಮಾರನೆಯ ದಿನ ನಾಗರತ್ನ ಮೇಡಂ ಇದನ್ನು ಕೇಳಿ, "ನಿಮ್ಮ ತಾಯಿ ಹೇಳೋದು ಸರಿ. ಕಲ್ಲು ಒಣಗಬಾರದು ಅಷ್ಟೇ" ಎಂದರು.

ಅವ್ವ ಶಿವಣ್ಣನಿಗೆ ಫೋನು ಮಾಡಿಸಿದಳು. ದೇವರ ಮಡುವಿನ ಕಲ್ಲು ಮುಟ್ಟಬೇಡ, ನಮ್ಮ ಹೊಲದ ಕೆಳಗೆ ಬಟ್ಟೆ ಒಗೆಯುವ ತಾವಿನದು ತಾ, ತಳದ್ದು ತಾ, ಉಜ್ಜಬೇಡ, ಒದ್ದೆ ಗೋಣಿಯಲ್ಲಿ ಸುತ್ತು, ಬಸ್ಸಿನಲ್ಲಿ ಬಿಸಿಲಿನ ಕಡೆ ಕೂರಬೇಡ. ಕಬ್ಬಿನ ಸಸಿ ತರಿಸುವಾಗಲೂ ಅವಳು ಇಷ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಶಿವಣ್ಣ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಮಡಿಲಲ್ಲಿ ಗೋಣಿ ಇಟ್ಟುಕೊಂಡು ಬಂದಿಳಿದ. ಪ್ಯಾಂಟು ಮಂಡಿಯ ತನಕ ಒದ್ದೆ.

"ಕಂಡಕ್ಟ್ರು ಏನ್ ಸಾ ಇದು ಅಂದ. ಕಲ್ಲು ಅಂದೆ. ಆಸನ ಪ್ಯಾಟೇಲಿ ಕಲ್ಲಿಲ್ವಾ ಅಂದ" ಎಂದು ಹೇಳಿ, ಟವೆಲು ಕೇಳಿದ.

ಲೋಳೆಗಟ್ಟಿದ ಹದಿನೈದು ಕಲ್ಲನ್ನು ಜಲ್ಲಿಯ ನಡುವೆ ಅವ್ವ ಹೇಳಿದ ಕಡೆಯೇ ಕೂರಿಸಿದೆ. ಅವಳು ಬಗ್ಗುವಂತಿಲ್ಲವಲ್ಲ, ಕುರ್ಚಿಯಿಂದಲೇ ಬೆರಳು ತೋರಿಸುತ್ತಿದ್ದಳು. ದಿನಕ್ಕೊಂದು ಬಿಂದಿಗೆ ಹಳೆ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನೀರು ಹಾಕುತ್ತಿದ್ದೆವು. ಮೇಡಂ ಕೊಟ್ಟ ಹನಿಗಳಲ್ಲಿ ದಿನಾ ಬೆಳಿಗ್ಗೆ ಪರೀಕ್ಷೆ. ಹಸಿರು ಬಂದರೆ ವಿಷ, ಹಳದಿಯಾದರೆ ಸರಿ. ಹಸಿರಿಗೂ ಹಳದಿಗೂ ನಡುವಿನ ಬಣ್ಣಗಳು ನನ್ನ ಚಾಳೀಸಿಗೆ ಸಿಗುತ್ತಿರಲಿಲ್ಲ. ಅವ್ವ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊಸ ಕಣ್ಣನ್ನು ಕಿರಿದು ಮಾಡಿ ಹೇಳುತ್ತಿದ್ದಳು.

"ನೆನ್ನೆಗಿಂತ ಒಂಚೂರು ತಿಳಿ ಐತೆ. ಸೊಪ್ಪು ಬ್ಯಾರನ್ನಾಗೆ ಎಲ್ಡನೇ ದಿನ ಇರ್ತದಲ್ಲ, ಅಂಗೆ."

ಬ್ಯಾರನ್ನಿನ ಕಿಂಡಿಯಲ್ಲಿ ಅವಳೂ ಇಣುಕುತ್ತಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಊಟಕ್ಕೆ ಹೋದಾಗ ನೋಡುತ್ತಿದ್ದಳಂತೆ. ಎಲೆ ಹಳದಿಯಾಗುವ ಗಳಿಗೆ ಹಿಡಿದೆಯಾ ಎಂದು ಕೇಳಿದೆ. "ಎಲ್ಲಿ ಇಡಿಯಾದು, ಮುದ್ದೆ ತಿರುವೋರು ಯಾರು?" ಎಂದಳು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕೊಳವೆಯ ನೀರು ಅರಿಶಿನದ ಬಣ್ಣಕ್ಕೆ ಬಂತು. ಮೀನುಗಳು ಮೇಲೆ ಬರುವುದನ್ನು ಬಿಟ್ಟು ತಳದಲ್ಲಿ ಓಡಾಡತೊಡಗಿದವು. ಐದಕ್ಕೆ ಐದೂ ಉಳಿದವು. ಟ್ರೇಯಲ್ಲಿ ಕಡ್ಡಿಯ ಹಾಗೆ ನಿಂತಿದ್ದ ದಂಟಿನ ಸಸಿಗಳು ಒಂದು ವಾರದಲ್ಲಿ ಎಲೆ ಅಗಲಿಸಿದವು. ಅವ್ವನ ಕಣ್ಣೂ ತಿಳಿಯಾಯಿತು. ಅಲ್ಲಿಯ ತನಕ ಅವಳು ಒಪ್ಪತ್ತು ಬಿಟ್ಟಿರಲಿಲ್ಲ. ನೀರು ಹಳದಿಗೆ ಬಂದ ದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ತಟ್ಟೆ ತೊಳೆದಿಡುತ್ತಿದ್ದಳು. ಉಂಡೆಯಾ ಎಂದು ಕೇಳುವ ಧೈರ್ಯ ಮಾಡಲಿಲ್ಲ. ಒದ್ದೆ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಒರೆಸಿಟ್ಟೆ.

ಸೊಪ್ಪಿನ ವಿಷಯದಲ್ಲಿ ಮಾತ್ರ ಸ್ವಲ್ಪ ತಕರಾರು ಇತ್ತು. ಮೀನಿನ ಉಚ್ಚೆಯಲ್ಲಿ ಬೆಳೆದದ್ದನ್ನು ತಿನ್ನುವುದೇ ಎಂದು ಮುಖ ಸಿಂಡರಿಸಿದಳು. ನಮ್ಮ ತಿಪ್ಪೆಯಲ್ಲಿ ಏನಿತ್ತು ಅವ್ವ ಎಂದು ಕೇಳಿದೆ. ಯೋಚನೆ ಮಾಡಿದಳು. ಊರಿಗೆ ಹೊರಡುವ ಹಿಂದಿನ ದಿನ ಡಾಕ್ಟರು ಒಲೆ ಮುಂದೆ ನಿಲ್ಲಬಹುದು ಎಂದದ್ದೇ ತಡ, ದಂಟು ಕೊಯ್ದು ಬಸ್ಸಾರು ಮಾಡಿ ಮುದ್ದೆ ತಿರುವಿದಳು. ನಮ್ಮ ಮನೆಯವರು ತೊಟ್ಟಿಯ ಕಡೆ ಒಮ್ಮೆ ಆಸೆಯಿಂದ ನೋಡಿ, ಸೊಪ್ಪಿನ ಸಾರಿನಲ್ಲೇ ಎರಡು ಮುದ್ದೆ ಉಂಡರು.

ಬಸ್ಸು ಹತ್ತುವ ಮುಂಚೆ ಅವ್ವ ನನ್ನ ಕೈ ಹಿಡಿದುಕೊಂಡಳು. "ಸತ್ತ ಏಳು ಮೀನಿಗೆ ಒಳೇಲಿ ಏಳು ಇಡಿ ಪುರಿ ಆಕ್ತೀನಿ ಅಂತ ಅರಸ್ಕಂಡಿದ್ದೆ. ಈಗ ಅದು ನಂದಲ್ಲ, ನಿಂದು. ಆವತ್ತು ಕಿತ್ಕಂಡ್ಯಲ್ಲ, ಅದೇ ಪುರಿ ತಕ್ಕಂಡ್ ಬಾ" ಎಂದಳು. ಮುಂದಿನ ಭಾನುವಾರವೇ ಬರುತ್ತೇನೆ ಎಂದೆ. ಆಮೇಲೆ ಕಿರು ಪರೀಕ್ಷೆ ಬಂತು, ಪೇಪರು ತಿದ್ದುವುದು ಬಂತು. ಪುರಿ ಎಲ್ಲಿಟ್ಟೆನೋ ಸಿಗುತ್ತಿಲ್ಲ ಎನ್ನುವ ನೆಪವೂ ಇತ್ತು.

ಈಗ ಸಿಕ್ಕಿತಲ್ಲ. ಹಲ್ಲು ಹಾಕಿ ಗಂಟು ಬಿಚ್ಚಿದೆ. ಪುರಿ ಮೆತ್ತಗಾಗಿತ್ತು. ಅವ್ವನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಉಪ್ಪಿನ ಡಬ್ಬಿಗೆ ಒರಗಿಸಿದೆ.

"ಸಿಕ್ತು ಕಣವ್ವಾ. ಆದ್ರೆ ಮೆತ್ತಗಾಗೋಗದೆ. ಹೊಸದು ತರ್ಲಾ?"

"ಬ್ಯಾಡ. ಬಾಣಲೇಲಿ ಬೆಚ್ಚುಗ್ ಮಾಡು, ಗರುಗರು ಆಯ್ತದೆ. ಮೀನೆಂಗವೆ?"

"ಐದೂ ಅಂಗೈ ಅಗಲ ಆಗವೆ. ಮಧ್ಯಾಹ್ನದ ಬಸ್ಸಿಗೆ ಬತ್ತೀನಿ."

ಮಾತನಾಡುತ್ತಲೇ ಬಾಣಲೆ ಇಟ್ಟು ಪುರಿ ಸುರಿದು ಕೈಯಾಡಿಸಿದೆ. ಎರಡು ನಿಮಿಷಕ್ಕೆ ಗಲಗಲ ಸದ್ದು ಬಂತು. ಅಡುಗೆಮನೆಯ ತುಂಬ ಆ ವಾಸನೆ. ನಲವತ್ತು ವರ್ಷದ ಹಿಂದೆ ಕೈಯಲ್ಲಿದ್ದ ಪೊಟ್ಟಣದ ವಾಸನೆಯೇ ಅದು. ಗರಿಗರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ.

"ಗಿರಿಜಾ" ಎಂದಿತು ಫೋನು.

"ಊಂ."

"ಈ ಸತಿ ದಾರೀಲಿ ತಿನ್ಬ್ಯಾಡ. ನಂಗೆ ಆವತ್ತೇ ಗೊತ್ತಿತ್ತು."

ನಾನು ಮತ್ತೊಮ್ಮೆ ಊಂ ಎಂದೆ. ಬಾಯಿ ತುಂಬ ಪುರಿ ಇದ್ದುದರಿಂದ ಅಷ್ಟೇ ಹೇಳಲು ಸಾಧ್ಯವಿತ್ತು.